ನಮ್ಮ ತಲೆಬುರುಡೆ ಇಲಿಯದ್ದಲ್ಲ

ಬೆಳಗ್ಗೆಯಿಂದ ನಾಲ್ಕು ಗುಂಪಿನಲ್ಲಿ ಒಂದೇ ಸುದ್ದಿ. ಚಿನ್ನದ ನ್ಯಾನೋ ಕಣ ಚುಚ್ಚಿ, ಮೇಲಿಂದ ಲೇಸರ್ ಬಿಟ್ಟರೆ ಮೆದುಳಿನ ಗೆಡ್ಡೆ ಮಾಯವಂತೆ. ಓದಿ ಮೈ ಉರಿಯಿತು. ಆ ಬೆಳಕು ಬುರುಡೆ ದಾಟಿ ಒಳಗೆ ಹೋಗುವುದು ಹೇಗೆ ಅಂತ ಒಂದೇ ಒಂದು ಸಾಲಿಲ್ಲ!

ಸಂಶೋಧನೆ ಸುಳ್ಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೆದುಳಿನ ರಕ್ತನಾಳದ ಒಳಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಹೆಚ್ಚಿನ ಔಷಧಿಗಳು ಅಲ್ಲೇ ನಿಂತುಬಿಡುತ್ತವೆ. ಡಲ್ಲಾಸ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ತಂಡ ಆ ಬೆಸುಗೆಗೇ ಚಿನ್ನದ ಕಣ ಅಂಟಿಸಿ, ತೀರಾ ಚುಟುಕು ಮಿಡಿತಗಳ ಪಿಕೊಸೆಕೆಂಡ್ ಲೇಸರ್ ಕೊಟ್ಟು, ಸ್ವಲ್ಪ ಹೊತ್ತು ಸಡಿಲವಾಗಿ ಮತ್ತೆ ಮುಚ್ಚಿಕೊಳ್ಳುವುದನ್ನು 2021ರಲ್ಲಿ ತೋರಿಸಿತು. ಸೊಗಸಾದ ಕೆಲಸ. ಆದರೆ ಇಲಿಯಲ್ಲಿ. ಇಲಿಯ ಬುರುಡೆ ಅರ್ಧ ಮಿಲಿಮೀಟರಿಗಿಂತ ತೆಳು. ನಮ್ಮದು ಆರೇಳು ಮಿಲಿಮೀಟರ್, ಅದರ ಮೇಲೆ ರಕ್ತ ತುಂಬಿದ ಚರ್ಮ ಬೇರೆ.

ಕಣಗಳ ಕಥೆಯೂ ಸುಲಭದ್ದಲ್ಲ. ದುಂಡನೆಯ ಚಿನ್ನದ ಕಣಗಳ ದ್ರಾವಣ ದಾಳಿಂಬೆ ರಸದ ಹಾಗೆ ಕೆಂಪಗಿರುತ್ತದೆ. ಹೊದಿಕೆಯಿಲ್ಲದ ಕಣಗಳಿಗೆ ಒಂದಿಷ್ಟು ಉಪ್ಪುನೀರು ಹಾಕಿ, ನೋಡುನೋಡುತ್ತಲೇ ನೀಲಿಗೆ ತಿರುಗುತ್ತದೆ. ಕಣಗಳು ಅಂಟಿಕೊಂಡು ಗುಪ್ಪೆಯಾದವು ಅಂತ ಅರ್ಥ. ನಮ್ಮ ರಕ್ತದಲ್ಲೂ ಉಪ್ಪಿದೆಯಲ್ಲ, ಅದಕ್ಕೇ ಪೆಗ್ ಎಂಬ ಪಾಲಿಮರ್ ಹೊದಿಸುತ್ತಾರೆ. ಹೊದಿಸಿದರೂ ಬಹುಪಾಲನ್ನು ಲಿವರ್, ಗುಲ್ಮ ನುಂಗಿಬಿಡುತ್ತವೆ. ಟೊರಾಂಟೊದ ಸಂಶೋಧಕರು ಹತ್ತು ವರ್ಷದ ಪ್ರಯೋಗಗಳನ್ನು ಕೂಡಿಸಿ 2016ರಲ್ಲಿ ಲೆಕ್ಕ ಕೊಟ್ಟರು: ಬೇರೆಬೇರೆ ಗೆಡ್ಡೆಗಳನ್ನು ತಲುಪಿದ್ದು ಚುಚ್ಚಿದ ಡೋಸಿನ ಶೇ 0.7, ಅದೂ ಮಧ್ಯಾಂಕ, ಅಂದರೆ ಅರ್ಧದಷ್ಟು ಪ್ರಯೋಗಗಳಲ್ಲಿ ಇದಕ್ಕಿಂತಲೂ ಕಡಿಮೆ.

ಇನ್ನು ಬೆಳಕು. ದುಂಡು ಕಣ ಹೀರುವುದು 520 ನ್ಯಾನೋಮೀಟರ್ ಸುತ್ತಿನ ಹಸಿರನ್ನು. ರಕ್ತವೂ ಅದನ್ನು ಚೆನ್ನಾಗಿಯೇ ಹೀರುತ್ತದೆ. ಹಾಗಾಗಿ ಕಣವನ್ನು ಕಡ್ಡಿಯಾಕಾರಕ್ಕೆ ಬೆಳೆಸಿ ಅದು ಹೀರುವ ಬೆಳಕನ್ನು ರಕ್ತ ಕಡಿಮೆ ಹೀರುವ 800 ನ್ಯಾನೋಮೀಟರ್ ಹತ್ತಿರ ಒಯ್ಯುತ್ತಾರೆ. ಲೇಸರಿನ ಮಿಡಿತ (ಪಲ್ಸ್) ಜೋರಾದರೆ ಆ ಕಡ್ಡಿ ಕರಗಿ ಮತ್ತೆ ದುಂಡಾಗುತ್ತದೆ, ಆಮೇಲೆ 800ರ ಬೆಳಕು ಅದಕ್ಕೆ ನಾಟುವುದಿಲ್ಲ. ಎಲ್ಲ ಸರಿಯಾದರೂ ಮೆದುಳಿನೊಳಗೆ ಕೆಲಸಕ್ಕೆ ಬರುವಷ್ಟು ಬೆಳಕು ಹೆಚ್ಚೆಂದರೆ ಒಂದು ಸೆಂಟಿಮೀಟರ್ ಇಳಿಯಬಹುದು. ಗ್ಲಿಯೋಬ್ಲಾಸ್ಟೋಮ ಎಂಬ ಉಗ್ರ ಮೆದುಳು ಕ್ಯಾನ್ಸರ್ ಮತ್ತೆ ಚಿಗುರುವುದು ಹೆಚ್ಚಾಗಿ ತೆಗೆದ ಜಾಗದ ಸುತ್ತಲಿನ ಎರಡು ಸೆಂಟಿಮೀಟರಿನಲ್ಲಿ. ಈ ಒಂದು ಸೆಂಟಿಮೀಟರಿನ ಕೊರತೆಯನ್ನು ಯಾವ ಶೀರ್ಷಿಕೆಯೂ ಹೇಳುವುದಿಲ್ಲ.

ಬೆಳಕು ನಿಜಕ್ಕೂ ಉಪಯೋಗಕ್ಕೆ ಬಂದಿರುವುದು ಬುರುಡೆ ತೆರೆದಾಗ. ಅರಿವಳಿಕೆಗೆ ಸುಮಾರು ಮೂರು ಗಂಟೆ ಮೊದಲು ಕೆಜಿಗೆ 20 ಮಿ.ಗ್ರಾಂ ಲೆಕ್ಕದಲ್ಲಿ 5-ಎಎಲ್ಎ ಎಂಬ ಔಷಧಿ ಕುಡಿಸಿದರೆ, ನೀಲಿ ಬೆಳಕಿನಡಿ ಗೆಡ್ಡೆ ಕೆಂಪಗೆ ಹೊಳೆಯುತ್ತದೆ, ಸರ್ಜನ್‌ಗೆ ಅಂಚು ಕಾಣುತ್ತದೆ. ಜಪಾನ್ 2013ರಲ್ಲಿ, ಬೆಳಕು ಬಿದ್ದಾಗ ಗೆಡ್ಡೆಯ ಕೋಶ ಕೊಲ್ಲುವ ಔಷಧಿ ಟಲಪೊರ್ಫಿನ್‌ಗೆ ಒಪ್ಪಿಗೆ ಕೊಟ್ಟಿತು: ಹಿಂದಿನ ದಿನ ಚುಚ್ಚುಮದ್ದು, ಗೆಡ್ಡೆ ತೆಗೆದ ಗುಳಿಯ ಒಂದೊಂದು ಜಾಗಕ್ಕೂ ಮೂರು ನಿಮಿಷ 664 ನ್ಯಾನೋಮೀಟರ್ ಲೇಸರ್. ಗುಳಿಯಲ್ಲಿ ರಕ್ತ ನಿಂತರೆ ಅದೇ ಬೆಳಕನ್ನು ಕುಡಿದುಬಿಡುತ್ತದೆ, ಆಮ್ಲಜನಕ ಇಲ್ಲದ ಕಡೆ ಔಷಧಿ ಕೆಲಸ ಮಾಡುವುದಿಲ್ಲ. ಅಂದಹಾಗೆ, ಇವೆರಡರಲ್ಲೂ ನ್ಯಾನೋ ಕಣವೇ ಇಲ್ಲ.

"ರೋಗಿಗಳಿಗೆ ಒಂದಿಷ್ಟು ಭರವಸೆ ಸಿಗಲಿ ಬಿಡಿ" ಅನ್ನುವವರು ಕಾಮೆಂಟಿನಲ್ಲಿ ಬರುತ್ತೀರಿ, ಗೊತ್ತು. ಭರವಸೆ ಬೇಡ ಅಂದವರು ಯಾರು? ರೇಡಿಯೇಷನ್ ಅರ್ಧಕ್ಕೆ ನಿಲ್ಲಿಸಿ "ಆ ಲೇಸರ್ ಎಲ್ಲಿ ಸಿಗುತ್ತದೆ" ಅಂತ ಊರೂರು ಅಲೆಯುವಂತೆ ಮಾಡುವುದು ಭರವಸೆಯಲ್ಲ, ಇರುವ ದಿನಗಳನ್ನೇ ಕಸಿದುಕೊಳ್ಳುವುದು. ಗ್ಲಿಯೋಬ್ಲಾಸ್ಟೋಮಕ್ಕೆ ಸಾಮಾನ್ಯವಾಗಿ ಕೊಡುವ ಚಿಕಿತ್ಸೆ ಇದು: 30 ಕಂತು ರೇಡಿಯೇಷನ್, ಒಟ್ಟು 60 ಗ್ರೇ (ವಿಕಿರಣದ ಅಳತೆ), ಜೊತೆಗೆ ಟೆಮೊಜೊಲೊಮೈಡ್ ಎಂಬ ಕ್ಯಾನ್ಸರ್ ಮಾತ್ರೆ. ಶನಿವಾರ, ಭಾನುವಾರ ರೇಡಿಯೇಷನ್‌ಗೆ ರಜೆ, ಮಾತ್ರೆಗೆ ರಜೆಯಿಲ್ಲ.

ಯಾರಾದರೂ "ನಮ್ಮಲ್ಲಿ ನ್ಯಾನೋ ಲೇಸರ್ ಟ್ರಯಲ್ ಇದೆ" ಅಂದರೆ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್ ದಾಖಲೆಪಟ್ಟಿ) ನೋಂದಣಿ ಸಂಖ್ಯೆ ಕೇಳಿ, ವೆಬ್‌ಸೈಟಿನಲ್ಲಿ ನೀವೇ ಹುಡುಕಿ. ಈ ಫಾರ್ವರ್ಡ್ ನಂಬಿ ಯಾರಾದರೂ ಮಾತ್ರೆ ಬಿಟ್ಟಿದ್ದರೆ ಇವತ್ತೇ ನಿಮ್ಮ ಆಂಕಾಲಜಿಸ್ಟ್‌ಗೆ ಫೋನ್ ಮಾಡಿ. ತಪ್ಪಿದ ಡೋಸನ್ನು ನೀವಾಗಿಯೇ ಎರಡೆರಡು ನುಂಗಿ ಸರಿಮಾಡಲು ಹೋಗಬೇಡಿ.