ಎಷ್ಟು ನಿಮಿಷಕ್ಕೊಂದು ಮೆಟ್ರೋ? ಅದು ಭಾಗಾಕಾರದ ಲೆಕ್ಕ

ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಬೆಂಗಳೂರು ಮೆಟ್ರೋದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದಾಗ 25 ನಿಮಿಷಕ್ಕೊಂದು ಗಾಡಿ. ಸೆಪ್ಟೆಂಬರ್‌ನಲ್ಲಿ ಅದು 19 ಆಯಿತು, ನವೆಂಬರ್‌ನಲ್ಲಿ 15. ಪ್ರತಿ ಸಲವೂ ಕಾಮೆಂಟುಗಳಲ್ಲಿ ಅದೇ ಮಾತು: "ಈಗ ಕಡಿಮೆ ಮಾಡಿದರಲ್ಲ, ಮೊದಲೇ ಮಾಡೋಕೆ ಏನು ಧಾಡಿ?" ಯಾರೋ ಅಧಿಕಾರಿ ಮನಸ್ಸಿಗೆ ಬಂದಂತೆ 25 ಅಂತ ಬರೆದ, ಜನ ಬೈದ ಮೇಲೆ 19 ಮಾಡಿದ ಅನ್ನೋ ನಂಬಿಕೆ ಇದರ ಹಿಂದಿದೆ. ಈ ಮೂರೂ ಸಂಖ್ಯೆ ಒಂದೇ ಲೆಕ್ಕದಿಂದ ಬಂದವು.

19 ಕಿ.ಮೀ. ಚಿಲ್ಲರೆ ದೂರ, 16 ನಿಲ್ದಾಣ, ಈ ತುದಿಯಿಂದ ಆ ತುದಿಗೆ ಸುಮಾರು 35 ನಿಮಿಷ. ಹೋಗಿ ಬರೋಕೆ 70. ಎರಡೂ ಕಡೆ ಗಾಡಿ ತಿರುಗಿಸಿಕೊಳ್ಳುವ ಹೊತ್ತು ಸೇರಿಸಿದರೆ ಒಂದು ಸುತ್ತಿಗೆ 75 ನಿಮಿಷ ಅಂದುಕೊಳ್ಳಿ. ಮೊದಲಿಗೆ ಇದ್ದದ್ದು ಮೂರೇ ಗಾಡಿ: 75ನ್ನು ಮೂರರಿಂದ ಭಾಗಿಸಿದರೆ 25. ನಾಲ್ಕನೆಯದು ಬಂತು, 18.75, ಅಂದರೆ 19. ಐದನೆಯದು ಬಂತು, 15. ಎಷ್ಟು ಬೈದರೂ ಹೊಗಳಿದರೂ ಮೂರು ಗಾಡಿ ಇಟ್ಟುಕೊಂಡು 15 ನಿಮಿಷಕ್ಕೊಂದು ಬಿಡೋಕೆ ಆಗೋದಿಲ್ಲ. ವೇಗ ಹೆಚ್ಚಿಸಿದರೆ? ಇಡೀ ಸುತ್ತಿನಲ್ಲಿ ಐದು ನಿಮಿಷ ಉಳಿಸಿದರೂ ಮೂರು ಗಾಡಿಗೆ 23 ನಿಮಿಷದ ಮೇಲೇ ನಿಲ್ಲುತ್ತದೆ. ಭಾಜಕ ದೊಡ್ಡದಾಗಬೇಕು, ಬೇರೆ ದಾರಿಯಿಲ್ಲ.

ಈ ಲೆಕ್ಕದ ಇನ್ನೊಂದು ಮುಖ ಹೆಚ್ಚು ಜನಕ್ಕೆ ಹೊಳೆಯೋದಿಲ್ಲ. ಮೂರೇ ಗಾಡಿ ಇದ್ದು ಮೂರನ್ನೂ ಓಡಿಸುತ್ತಿದ್ದರೆ ಡಿಪೋದಲ್ಲಿ ಸ್ಪೇರ್ ಅಂತ ಏನೂ ಇರೋದಿಲ್ಲ. ಒಂದು ಗಾಡಿಯ ಬಾಗಿಲು ಕೈಕೊಟ್ಟು ಹೆಬ್ಬಗೋಡಿ ಡಿಪೋಗೆ ಹೋದರೆ 75 ಭಾಗಿಸು ಎರಡು, ಮೂವತ್ತೇಳೂವರೆ ನಿಮಿಷ. ಹದಿನೈದು ಗಾಡಿ ಇರುವ ಮಾರ್ಗದಲ್ಲಿ ಒಂದು ಕೆಟ್ಟರೆ ಯಾರಿಗೂ ಗೊತ್ತೇ ಆಗೋದಿಲ್ಲ.

"ನೇರಳೆ ಮಾರ್ಗದಿಂದ ನಾಲ್ಕು ಗಾಡಿ ತಂದು ಇಲ್ಲಿ ಬಿಡಿ" ಅನ್ನುವವರೂ ಇದ್ದಾರೆ. ಹಳಿಯ ಅಗಲ ಒಂದೇ, ಮೂರನೇ ಹಳಿಯಲ್ಲಿ ಹರಿಯುವ 750 ವೋಲ್ಟ್ ಡಿ.ಸಿ. ಕರೆಂಟೂ ಒಂದೇ. ಸಿಗ್ನಲ್ ಮಾತ್ರ ಬೇರೆ. ನೇರಳೆ, ಹಸಿರು ಮಾರ್ಗಗಳದ್ದು ಹಳಿಯನ್ನು ತುಂಡು ತುಂಡಾಗಿ ವಿಭಾಗಿಸಿ, ಮುಂದಿನ ತುಂಡು ಖಾಲಿಯಿದೆಯೇ ಎಂದು ನೋಡುವ ಪದ್ಧತಿ. ಹಳದಿಯಲ್ಲಿ ಗಾಡಿ ತಾನು ಎಲ್ಲಿದ್ದೇನೆಂದು ರೇಡಿಯೋ ಮೂಲಕ ಸತತವಾಗಿ ಹೇಳುತ್ತಿರುತ್ತದೆ. ಹಳೆಯ ಗಾಡಿಗೆ ಆ ಭಾಷೆ ಬರೋದಿಲ್ಲ. 2019ರಲ್ಲಿ ಚೀನಾದ ಕಂಪನಿಯೊಂದಕ್ಕೆ ಕೊಟ್ಟ 216 ಬೋಗಿಗಳ ಆರ್ಡರ್‌ನಲ್ಲೂ ಇದೇ ಕಾರಣಕ್ಕೆ ಎರಡು ಪಾಲು: ಆರು ಬೋಗಿಯ 15 ಗಾಡಿ ಹಳದಿಗೆ, 21 ಗಾಡಿ ನೇರಳೆಗೆ. ಹಳಿ, ನಿಲ್ದಾಣ ಎಲ್ಲ ಸಿದ್ಧವಾದ ಮೇಲೂ ಬೋಗಿಗಾಗಿ ಕಾದದ್ದು ಎಲ್ಲರಿಗೂ ಗೊತ್ತಿರುವ ಕತೆ. ಬೈಯಬೇಕಾದದ್ದು ಅದಕ್ಕೆ. ಕಂಬ, ಗರ್ಡರ್‌ಗಳ ಫೋಟೋ ಪ್ರತಿ ತಿಂಗಳೂ ಪತ್ರಿಕೆಯಲ್ಲಿ ಬರುತ್ತಿದ್ದ ವರ್ಷಗಳಲ್ಲಿ ಬೋಗಿ ಎಲ್ಲಿಗೆ ಬಂತು ಅಂತ ಕೇಳಿದವರು ಕಡಿಮೆ. ಹದಿನೈದೂ ಓಡಿದರೆ ಉತ್ತರ 5 ನಿಮಿಷ. ಒಂದೆರಡನ್ನು ಸ್ಪೇರ್ ಇಟ್ಟರೆ ಐದೂವರೆಯ ಆಸುಪಾಸು.

ಈಗ ನೇರಳೆ ಮಾರ್ಗ ನೋಡಿ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ಗೆ 43 ಕಿ.ಮೀ. ಮೇಲೆ, 37 ನಿಲ್ದಾಣ. ಒಂದು ಕಡೆಗೆ 80 ನಿಮಿಷ ಹಿಡಿದರೂ ಸುತ್ತಿಗೆ ಮೂರು ಗಂಟೆಯ ಹತ್ತಿರ. ಇಡೀ ಮಾರ್ಗಕ್ಕೆ 5 ನಿಮಿಷಕ್ಕೊಂದು ಬಿಡಬೇಕಾದರೆ ಮೂವತ್ತಕ್ಕೂ ಹೆಚ್ಚು ಗಾಡಿ ಬೇಕು, ಮೂರು ನಿಮಿಷಕ್ಕೆ ಐವತ್ತರ ಮೇಲೆ. ನೇರಳೆ, ಹಸಿರು ಎರಡಕ್ಕೂ ಸೇರಿ ಬಹುಕಾಲ ಇದ್ದದ್ದೇ 57. ಹಾಗಾಗಿ ಬೆಳಗಿನ ರಶ್ಶಿನಲ್ಲಿ ಮೆಜೆಸ್ಟಿಕ್‌ನಿಂದ ಗರುಡಾಚಾರ್‌ಪಾಳ್ಯದವರೆಗೆ ಮಾತ್ರ ಹೋಗಿ ವಾಪಸ್ ಬರುವ ಅರ್ಧ ಟ್ರಿಪ್‌ಗಳನ್ನು ಹಾಕಿದರು. ಸುತ್ತು ಚಿಕ್ಕದಾದಷ್ಟೂ ಅದೇ ಗಾಡಿ ಹೆಚ್ಚು ಸಲ ಸಿಗುತ್ತದೆ. ಆಚೆಯವರಿಗೆ ಇದು ಅನ್ಯಾಯ ಅನ್ನಿಸುವುದು ಸಹಜ. ಬೋರ್ಡ್ ನೋಡದೆ ಹತ್ತಿ "ಇದು ಕೊನೆಯ ನಿಲ್ದಾಣ" ಅಂದಾಗ ಗೊಣಗಿಕೊಂಡು ಇಳಿಯುವವರು ಇದ್ದೇ ಇರುತ್ತಾರೆ. ಆದರೂ ಇರುವ ಗಾಡಿಗಳಲ್ಲಿ ಮಾಡಬಹುದಾದ ಸರಿಯಾದ ಕೆಲಸ ಅದೇ. ಹಾಗಂತ ಎಲ್ಲಿ ಬೇಕಾದರೂ ತಿರುಗಿಸೋಕೆ ಆಗೋದಿಲ್ಲ. ಈ ಹಳಿಯಿಂದ ಆ ಹಳಿಗೆ ದಾಟಿಸುವ ಕ್ರಾಸ್‌ಓವರ್ ಅಲ್ಲಿರಬೇಕು. ಅದನ್ನು ಕಟ್ಟುವಾಗಲೇ ಹಾಕಬೇಕು. ಎತ್ತರಿಸಿದ ಮಾರ್ಗದಲ್ಲಿ ಆಮೇಲೆ ಸೇರಿಸುವುದು ದೊಡ್ಡ ರಾದ್ಧಾಂತ.

ಗಾಡಿ ಬೇಕಾದಷ್ಟು ಇದ್ದರೂ ಎಷ್ಟು ಹತ್ತಿರ ಹತ್ತಿರ ಬಿಡಬಹುದು ಅನ್ನೋದನ್ನು ಬಹಳ ಸಲ ಮಾರ್ಗದ ತುದಿ ತೀರ್ಮಾನಿಸುತ್ತದೆ. ಕೊನೆಯ ನಿಲ್ದಾಣದಲ್ಲಿ ಏನಾಗುತ್ತದೆ ಗಮನಿಸಿ. ಗಾಡಿ ನಿಂತು ಜನ ಇಳಿಯಬೇಕು, ಯಾರೂ ಒಳಗೆ ಉಳಿದಿಲ್ಲವೆಂದು ನೋಡಬೇಕು. ಗಾಡಿ ಮುಂದಿನ ತುಂಡು ಹಳಿಗೆ ಹೋಗಿ ನಿಲ್ಲಬೇಕು. ಗಾಡಿಯನ್ನು ಬೇರೆ ಹಳಿಗೆ ತಿರುಗಿಸುವ ಪಾಯಿಂಟ್ಸ್ ಸರಿದು ಲಾಕ್ ಆಗಿ, ಸಿಗ್ನಲ್ ಬಿದ್ದ ಮೇಲೆ ಆಚೆ ಪ್ಲಾಟ್‌ಫಾರ್ಮಿಗೆ ಬರಬೇಕು. ಈ ನಡುವೆ ಚಾಲಕ ಒಂದು ಕ್ಯಾಬಿನ್‌ನಿಂದ ಇನ್ನೊಂದಕ್ಕೆ ಹೋಗಬೇಕು. ಆರು ಬೋಗಿ ಅಂದರೆ ಹತ್ತಿರ ಹತ್ತಿರ 130 ಮೀಟರ್, ನಡೆದರೆ ಒಂದೂವರೆ ಎರಡು ನಿಮಿಷ. ಮೂರು ನಿಮಿಷಕ್ಕೊಂದು ಗಾಡಿ ಬರುತ್ತಿರುವಾಗ ಅಷ್ಟನ್ನು ನಡಿಗೆಗೆ ಕೊಟ್ಟರೆ ಹಿಂದಿನ ಗಾಡಿ ನಿಲ್ದಾಣದ ಹೊರಗೆ ಕಾಯುತ್ತದೆ. ಇದಕ್ಕೆ ಹಲವು ಮೆಟ್ರೋಗಳಲ್ಲಿ ಇರುವ ಉಪಾಯವೆಂದರೆ ಹಿಂದಿನ ಕ್ಯಾಬಿನ್‌ನಲ್ಲಿ ಇನ್ನೊಬ್ಬ ಚಾಲಕ ಮೊದಲೇ ಹತ್ತಿ ಕೂರುವುದು. ಇಳಿದ ಚಾಲಕ ಆರಾಮಾಗಿ ನಡೆದು ಬಂದು ಅದರ ಹಿಂದಿನ ಗಾಡಿ ಹತ್ತುತ್ತಾನೆ. ಒಬ್ಬಿಬ್ಬರು ಸಿಬ್ಬಂದಿ ಹೆಚ್ಚು ಬೇಕು, ಒಂದು ಗಾಡಿ ಕೊಳ್ಳುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಇನ್ನು ಬಾಗಿಲು. ವೇಳಾಪಟ್ಟಿಯಲ್ಲಿ ಸಾಧಾರಣ ನಿಲ್ದಾಣಕ್ಕೆ ಅರ್ಧ ನಿಮಿಷದೊಳಗಿನ ಲೆಕ್ಕ. ಮುಚ್ಚುತ್ತಿರುವ ಬಾಗಿಲಿಗೆ ಬ್ಯಾಗ್ ತೂರಿಸಿದರೆ ಬಾಗಿಲು ಮತ್ತೆ ತೆರೆಯುತ್ತದೆ, ಹತ್ತು ಸೆಕೆಂಡ್ ಹೋಯಿತು. ಆ ಹತ್ತು ಸೆಕೆಂಡಿನಲ್ಲಿ ಮುಂದಿನ ನಿಲ್ದಾಣಕ್ಕೆ ಇನ್ನಷ್ಟು ಜನ ಬಂದಿರುತ್ತಾರೆ, ಅಲ್ಲಿ ಹತ್ತಿಸಿಕೊಳ್ಳೋಕೆ ಇನ್ನೂ ಹೊತ್ತು. ಈ ಗಾಡಿ ತಡವಾಗುತ್ತಾ ತುಂಬುತ್ತಾ ಹೋಗುತ್ತದೆ, ಹಿಂದಿನದು ಖಾಲಿಯಾಗಿ ಇದರ ಬಾಲ ಹಿಡಿದು ಬರುತ್ತದೆ. ಆಗ ನಿಯಂತ್ರಣ ಕೊಠಡಿಯವರು ಮುಂದಿನ ಗಾಡಿಯನ್ನೂ ಬೇಕೆಂದೇ ಸ್ವಲ್ಪ ತಡೆದು ಅಂತರ ಸರಿಮಾಡುತ್ತಾರೆ. ಸುಮ್ಮನೆ ನಿಲ್ಲಿಸಿದ್ದಾರೆ ಅಂತ ಒಳಗಿದ್ದವರು ರೇಗುವುದು ಈ ಹೊತ್ತಿನಲ್ಲೇ.

ಆರ್.ವಿ. ರಸ್ತೆಯಲ್ಲಿ ಹಳದಿ ಇಳಿದು ಹಸಿರು ಹತ್ತುವವರ ಗೋಳು ಬೇರೆ. ಹಸಿರು 5 ನಿಮಿಷಕ್ಕೊಂದು, ಹಳದಿ 15ಕ್ಕೊಂದು ಇದ್ದರೆ ಎರಡನ್ನೂ ಹೊಂದಿಸಬಹುದು, ಪ್ರತಿ ಹಳದಿಗೂ ಕಾಯುವ ಹೊತ್ತು ಒಂದೇ. ಹಳದಿ 19 ಆದರೆ ಹೊಂದಾಣಿಕೆ ಜಾರುತ್ತದೆ: ಒಮ್ಮೆ ಓಡಿ ಹತ್ತಬಹುದು, ಇನ್ನೊಮ್ಮೆ ಬಾಗಿಲು ಕಣ್ಣೆದುರೇ ಮುಚ್ಚುತ್ತದೆ. ನನ್ನ ಮಟ್ಟಿಗೆ ಆರು ಗಾಡಿ ಇಟ್ಟುಕೊಂಡು ಹನ್ನೆರಡೂವರೆ ಅನ್ನುವ ಮುರುಕು ಅಂತರಕ್ಕಿಂತ ಒಟ್ಟು ಎಂಟು ಗಾಡಿ ಆದ ಮೇಲೆ ಸೀದಾ 10 ಮಾಡುವುದು ಮೇಲು. ಅಲ್ಲಿಯವರೆಗೆ ಆರನೆಯದನ್ನು ಸ್ಪೇರ್ ಇಟ್ಟುಕೊಂಡರೂ ನನ್ನ ತಕರಾರಿಲ್ಲ.

ಒಂದು ವಿಷಯದಲ್ಲಿ ನಮ್ಮ ಮೆಟ್ರೋ ಸರಿಯಾದ ದಾರಿ ಹಿಡಿದಿದೆ. ಮೆಜೆಸ್ಟಿಕ್‌ನಲ್ಲಿ ನೇರಳೆ, ಹಸಿರು ಒಂದರ ಕೆಳಗೊಂದು ಹಾಯುತ್ತವೆ, ಹಳಿ ಹಂಚಿಕೊಳ್ಳುವುದಿಲ್ಲ. ದೆಹಲಿಯ ನೀಲಿ ಮಾರ್ಗ ಯಮುನಾ ಬ್ಯಾಂಕ್‌ನಲ್ಲಿ ಕವಲೊಡೆದು ಒಂದು ನೋಯ್ಡಾ ಕಡೆಗೆ, ಇನ್ನೊಂದು ವೈಶಾಲಿಗೆ ಹೋಗುತ್ತದೆ; ನಡುವಿನ ಭಾಗಕ್ಕೆ ಸಿಗುವ ಗಾಡಿಗಳನ್ನು ಎರಡು ಕವಲೂ ಹಂಚಿಕೊಳ್ಳಬೇಕು. ನ್ಯೂಯಾರ್ಕ್‌ನಲ್ಲಿ ಇದು ಇನ್ನೂ ಗೋಜಲು. ಮ್ಯಾನ್‌ಹಟನ್ ಸೇತುವೆಯನ್ನು ಬಿ, ಡಿ ಎಂಬ ಮಾರ್ಗಗಳು ಒಂದು ಜೋಡಿ ಹಳಿಯಲ್ಲಿ, ಎನ್, ಕ್ಯೂ ಮಾರ್ಗಗಳು ಇನ್ನೊಂದರಲ್ಲಿ ದಾಟುತ್ತವೆ. ಬ್ರೂಕ್ಲಿನ್‌ನ ಡಿಕಾಲ್ಬ್ ಅವೆನ್ಯೂ ಬಳಿ ಜೋಡಿ ಬದಲು: ಬಿ ಜೊತೆ ಕ್ಯೂ, ಡಿ ಜೊತೆ ಎನ್. ಅಲ್ಲಿ ಒಂದು ಗಾಡಿ ತನ್ನ ಸರದಿಗೆ ಎರಡು ನಿಮಿಷ ತಡವಾದರೆ ನಾಲ್ಕೂ ಮಾರ್ಗಕ್ಕೆ ಪೆಟ್ಟು, ದೂರದ ಕ್ವೀನ್ಸ್‌ನಲ್ಲಿ ಎನ್‌ಗೆ ಕಾಯುವವನಿಗೂ ಸೇರಿ. ಗಾಡಿ ಬದಲಿಸದೆ ಎಲ್ಲಿಂದ ಎಲ್ಲಿಗೋ ಹೋಗುವ ಸುಖಕ್ಕೆ ತೆರುವ ಬೆಲೆ ಅದು. ನಮಗೆ ಮೆಜೆಸ್ಟಿಕ್‌ನ ಮೆಟ್ಟಿಲು ಹತ್ತಿಳಿಯುವ ಕಷ್ಟವೇ ವಾಸಿ.

"ಬೆಳಗಿನ ಜಾವ ನಾಲ್ಕಕ್ಕೇ ದಿನಾ ಬಿಡಿ" ಅನ್ನೋ ಬೇಡಿಕೆಗೂ ಲೆಕ್ಕವಿದೆ. ಮೆಜೆಸ್ಟಿಕ್‌ನಿಂದ ನಾಲ್ಕೂ ದಿಕ್ಕಿನ ಕೊನೆಯ ಗಾಡಿ ರಾತ್ರಿ 11.30ಕ್ಕೆ. ಅದು ತುದಿ ಮುಟ್ಟಿ ಒಳಗೆ ಸೇರುವಷ್ಟರಲ್ಲಿ ಹನ್ನೆರಡು ದಾಟಿರುತ್ತದೆ. ಆಮೇಲೆ ಕರೆಂಟ್ ತೆಗೆಸಿ, ಹಳಿ ಮೇಲೆ ಇಳಿದು ಪಾಯಿಂಟ್ಸ್, ಮೂರನೇ ಹಳಿ, ಕೇಬಲ್ ನೋಡಿ, ಉಪಕರಣಗಳನ್ನು ಎಣಿಸಿ ಹೊರತಂದು, ಮತ್ತೆ ಕರೆಂಟ್ ಕೊಟ್ಟು, ಐದರ ಗಾಡಿಗೆ ಮಾರ್ಗ ಒಪ್ಪಿಸಬೇಕು. ಕೈಗೆ ಸಿಗುವ ಕೆಲಸದ ಹೊತ್ತು ಮೂರೂವರೆ ಗಂಟೆಗಿಂತ ಹೆಚ್ಚಿಲ್ಲ. 2025ರ ಜನವರಿ 13ರಿಂದ ಊರಿಂದ ಬರುವವರಿಗಾಗಿ ಸೋಮವಾರ ಮಾತ್ರ 4.15ಕ್ಕೆ ಶುರು ಮಾಡಿದಾಗ ಆ ಹೊತ್ತಿನಿಂದ 45 ನಿಮಿಷ ಕತ್ತರಿಸಿದರು. ಶನಿವಾರದ ರಾತ್ರಿ ಮಾತ್ರ ಉದ್ದವಿರುತ್ತದೆ, ಭಾನುವಾರ ಮೊದಲ ಗಾಡಿ ಏಳಕ್ಕೆ. ದೊಡ್ಡ ರಿಪೇರಿಗಳನ್ನು ಅಂಥ ರಾತ್ರಿಗೆ ತಳ್ಳಬಹುದು. ಏಳೂ ದಿನ ನಾಲ್ಕಕ್ಕೆ ಬೇಕು ಅನ್ನುವವರು ಭಾನುವಾರ ಒಂಬತ್ತಕ್ಕೆ ಶುರುವಾದರೂ ಪರವಾಗಿಲ್ಲವೇ ಅನ್ನೋದನ್ನೂ ಕಾಮೆಂಟಿನಲ್ಲಿ ಬರೆಯಿರಿ.