ಬರೀ ಒಂದು ಗಂಟೆ ದಾರಿ ಅಂತೆ!

ನಿನ್ನೆ ಒಂದು ದಿನ ರಜೆ ಹಾಕಿ ಚಿತ್ರದುರ್ಗಕ್ಕೆ ಹೋಗಿ ಬಂದೆ. ಕೋಟೆ ನೋಡೋಕಲ್ಲ. ಒಂದು ಆಫೀಸಿನ ಗೇಟು ಮುಟ್ಟಿ ಬರೋಕೆ. ಕೆಲಸಕ್ಕೆ ಹೋಗುವವಳ ಹಾಗೆಯೇ ಡಬ್ಬಿ ಕಟ್ಟಿಕೊಂಡು ಹೊರಟೆ. ಗೇಟಿನ ಮುಂದೆ ನಿಂತು ಟೈಮ್ ನೋಡಿಕೊಂಡೆ. ವಾಚ್‌ಮನ್ "ಯಾರು ಬೇಕಿತ್ತಮ್ಮ?" ಅಂದ. "ಯಾರೂ ಬೇಡಪ್ಪ" ಅಂತ ಹೇಳಿ ಚಿಕ್ಕಮ್ಮನ ಮನೆಗೆ ಹೋಗಿ, ಡಬ್ಬಿ ಖಾಲಿ ಮಾಡಿ ಮಲಗಿದೆ. ಸಂಜೆ 5:45ಕ್ಕೆ ಮತ್ತೆ ಅದೇ ಗೇಟಿನ ಮುಂದೆ ಹಾಜರ್. ಈ ಸಲ ಅವನು ಏನೂ ಕೇಳಲಿಲ್ಲ. ಮನೇಲಿ ಜಗಳ ಮಾಡ್ಕೊಂಡು ಬಂದಿದ್ದಾಳೆ ಪಾಪ ಅಂದುಕೊಂಡಿರಬೇಕು.

ಹೋದ ತಿಂಗಳು ಇದೇ ಆಫೀಸಿನ ಇಂಟರ್‌ವ್ಯೂ ಕಥೆ ಬರೆದಿದ್ದೆನಲ್ಲ, ಆ ಕೆಲಸ ಸಿಕ್ಕಿತು. ಲೈಕ್ ಒತ್ತಿ ಕಂಗ್ರಾಟ್ಸ್ ಹೇಳೋ ಮೊದಲು ಪೂರ್ತಿ ಓದಿ. ಅದೇ ಅಕೌಂಟ್ಸ್ ಕೆಲಸ. ಸಂಬಳ 27,000. ಈಗ ನಮ್ಮೂರು ದಾವಣಗೆರೆಯ ಮಂಡಿಪೇಟೆಯಲ್ಲಿ ಸಿಗುತ್ತಿರೋದು 18,000. ಸೋಮವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು.

ಅವತ್ತಿನಿಂದ ಕೇಳಿ ಕೇಳಿ ಸಾಕಾಗಿರೋ ಮಾತು ಒಂದೇ. "ದುರ್ಗ ತಾನೇ? ಬರೀ ಒಂದು ಗಂಟೆ ದಾರಿ. ಬಸ್ಸೂ ಫ್ರೀ. ಇನ್ನೇನು ಯೋಚನೆ?" ಮಾವ ಹೇಳಿದರು. ಮೈದುನ ಹೇಳಿದ. ಎದುರು ಮನೆ ಮೇಷ್ಟ್ರು ಗೇಟಿನಾಚೆ ನಿಂತು ಹೇಳಿದರು. ಅವರನ್ನು ಯಾರು ಕೇಳಿದ್ದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಈ ಒಂದು ಗಂಟೆ ಎಲ್ಲಿಂದ ಹುಟ್ಟಿತು ಅಂತ ಹುಡುಕಿದೆ. ಕಾರಿನಿಂದ. ದಾವಣಗೆರೆಯಿಂದ ದುರ್ಗಕ್ಕೆ 60 ಚಿಲ್ಲರೆ ಕಿಲೋಮೀಟರ್. ಹೆದ್ದಾರಿ 48 (ನಮ್ಮ ಬಾಯಲ್ಲಿ ಇನ್ನೂ ಎನ್‌ಎಚ್ ಫೋರ್) ಚೆನ್ನಾಗಿದೆ. ಹೆಬ್ಬಾಳು ಟೋಲ್‌ನಲ್ಲಿ ಫಾಸ್ಟ್ಯಾಗ್ ಟಿಕ್ ಅನ್ನುತ್ತೆ, ಒಂದು ಗಂಟೆಗೆ ದುರ್ಗ. ಆದರೆ ಹಾಗೆ ಹೋಗಬೇಕಾದರೆ ಕಾರು ಇರಬೇಕು. ಕಾರು ಬಾಗಿಲಿಗೆ ಬರಬೇಕು. ಮುಖ್ಯವಾಗಿ, ಹೊರಡೋ ಮೊದಲು ತಟ್ಟೆಗೆ ತಿಂಡಿ ತಾನಾಗಿ ಬಂದಿರಬೇಕು.

ನಿನ್ನೆಯ ಲೆಕ್ಕ ಇಲ್ಲಿದೆ ನೋಡಿ. ಫೋನಲ್ಲಿ ಬರೆದಿಟ್ಟುಕೊಂಡಿದ್ದೀನಿ. ನಿಟುವಳ್ಳಿ ಮನೆ ಬಿಟ್ಟಿದ್ದು 7:20. ಸ್ಕೂಟಿ ಸ್ಟ್ಯಾಂಡಿಗೆ ಹಾಕಿ ಚೀಟಿ ತಗೊಂಡಾಗ 7:35. ಹುಬ್ಬಳ್ಳಿ ಕಡೆಯಿಂದ ಒಂದು ಬಸ್ಸು ಬಂತು. ತುಂಬಿಕೊಂಡೇ ಬಂತು. ಕಂಡಕ್ಟರ್ ಬಾಗಿಲಲ್ಲೇ ನಿಂತು "ದುರ್ಗ ಒಳಗೆ ಹೋಗಲ್ಲ, ಬೈಪಾಸ್‌ನಲ್ಲಿ ಇಳಿಯೋರು ಮಾತ್ರ ಹತ್ರಿ" ಅಂದ. ಬೈಪಾಸ್‌ನಲ್ಲಿ ಇಳಿದು ನಾನೇನು ಕುರಿ ಕಾಯಲಾ? ಬಿಟ್ಟೆ. ಮುಂದಿನ ಬಸ್ಸು ಹೊರಟಾಗ 8 ಗಂಟೆ. ಆನಗೋಡು, ಭರಮಸಾಗರ, ಮಧ್ಯೆ ಕೈ ಅಡ್ಡ ಹಾಕಿದ ಕಡೆಯೆಲ್ಲ. ದುರ್ಗದ ಸ್ಟ್ಯಾಂಡ್ 9:20. ಆಟೋ ಹಿಡಿದು ಗೇಟು ಮುಟ್ಟಿದಾಗ 9:40. ಸಂಜೆ ಇದೇ ಉಲ್ಟಾ. 5:45ಕ್ಕೆ ಗೇಟು ಬಿಟ್ಟವಳು ಮನೆಯಲ್ಲಿ ಚಪ್ಪಲಿ ಬಿಚ್ಚಿದ್ದು 8:05ಕ್ಕೆ.

ಹೋಗ್ತಾ ಎರಡು ಗಂಟೆ ಇಪ್ಪತ್ತು ನಿಮಿಷ, ಬರ್ತಾ ಅಷ್ಟೇ. ಒಟ್ಟು ನಾಲ್ಕು ಗಂಟೆ ನಲವತ್ತು ನಿಮಿಷ. ಬರೀ ಒಂದು ಗಂಟೆ!

ಈಗ ನಾನು ಮಧ್ಯಾಹ್ನ ಊಟಕ್ಕೂ ಮನೆಗೆ ಬಂದು ಹೋಗ್ತೀನಿ. ಹತ್ತತ್ತು ನಿಮಿಷದಂತೆ ನಾಲ್ಕು ಸಲ, ಅಂದರೆ ನಲವತ್ತು ನಿಮಿಷ. ಅದನ್ನು ಕಳೆದರೂ ದಿನಕ್ಕೆ ನಾಲ್ಕು ಗಂಟೆ ಜಾಸ್ತಿ. ತಿಂಗಳಿಗೆ 26 ದಿನ ಕೆಲಸ ಅಂದರೆ 104 ಗಂಟೆ. ಪೂರಾ ನಾಲ್ಕು ಹಗಲು, ನಾಲ್ಕು ರಾತ್ರಿ, ಮೇಲೆ ಎಂಟು ಗಂಟೆ. ಸಂಬಳ ಜಾಸ್ತಿ ಆಗೋದು 9,000. ಅದರಲ್ಲಿ ದುರ್ಗದ ಆಟೋಗೆ ಹೋಗಿ ಬರೋಕೆ ದಿನಕ್ಕೆ 60, ಸ್ಕೂಟಿ ನಿಲ್ಲಿಸೋಕೆ 10. ಅಲ್ಲಿಗೆ 1,820 ಹೋಯಿತು. ಉಳಿಯೋದು 7,180. ಭಾಗಿಸಿ ನೋಡಿ, ಗಂಟೆಗೆ 69 ರೂಪಾಯಿ. ಹತ್ತು ವರ್ಷ ಬೇರೆಯವರ ಲೆಕ್ಕ ಬರೆದಿದ್ದೀನಿ. ನನ್ನದೇ ಲೆಕ್ಕ ಹೀಗೆ ಬರೆದಿದ್ದು ಇದೇ ಮೊದಲು. ಒಂದು ಬೆಣ್ಣೆ ದೋಸೆ ತಿಂದು ಕಾಫಿ ಕುಡಿದರೆ ಮುಗೀತು ನನ್ನ ಒಂದು ಗಂಟೆ.

ಬಸ್ ಫ್ರೀ ಅನ್ನೋ ಮಾತಿಗೆ ಬರ್ತೀನಿ. ಶಕ್ತಿ ಯೋಜನೆ ಬಗ್ಗೆ ನನ್ನ ಬಾಯಲ್ಲಿ ಕೆಟ್ಟ ಮಾತು ಬರಲ್ಲ. 2023ರ ಜೂನ್ 11ಕ್ಕೆ ಅದು ಶುರುವಾಗದೇ ಇದ್ದಿದ್ದರೆ ನನ್ನಂಥವಳು ದುರ್ಗದ ಕೆಲಸಕ್ಕೆ ಅರ್ಜಿಯನ್ನೇ ಹಾಕ್ತಿರಲಿಲ್ಲ. ಬಸ್ ಚಾರ್ಜಿನಲ್ಲೇ ಸಂಬಳ ಕರಗಿ ಹೋಗ್ತಿತ್ತು. ಆದರೆ ಒಂದು ತಮಾಷೆ ನೋಡಿ. ಟಿಕೆಟ್ಟಿನ ಮೇಲೆ ಸೊನ್ನೆ ಬಂದ ತಕ್ಷಣ ನಮ್ಮ ಹೊತ್ತಿಗೂ ಸೊನ್ನೆ ಹಾಕಿಬಿಟ್ಟರು ಮನೆಯವರು. ದುಡ್ಡು ಕೊಡೋ ಹಾಗಿಲ್ಲವಲ್ಲ, ಇನ್ನೇನು ನಿಂಗೆ ಕಷ್ಟ? ನಾಲ್ಕು ಗಂಟೆ ಹೋಗ್ತಿದೆಯಲ್ಲ ಅಂದರೆ "ಕೂತ್ಕೊಂಡೇ ತಾನೇ ಹೋಗೋದು" ಅಂತಾರೆ. ನಿನ್ನೆ ಬೆಳಗ್ಗೆ ಭರಮಸಾಗರದವರೆಗೂ ನಿಂತುಕೊಂಡೇ ಹೋದೆ. ಅದೂ ಫ್ರೀಯೇ.

ಮಾವ ಇನ್ನೊಂದು ಕಥೆ ತೆಗೀತಾರೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗೋವರೆಗೂ ನಾವು ದುರ್ಗ ಜಿಲ್ಲೆಯವರೇ ಅಲ್ವಾ? "ಡಿಸಿ ಆಫೀಸಿಗೆ ಅಂತ ಎಷ್ಟು ಸಲ ಹೋಗಿಲ್ಲವ್ವ ನಾವು! ಯಾರಾದರೂ ದೂರ ಅಂದಿದ್ವಾ?" ಮಾವ, ನೀವು ಹೋಗ್ತಿದ್ದದ್ದು ಮೂರು ತಿಂಗಳಿಗೊಮ್ಮೆ. ಬುತ್ತಿ ಕಟ್ಟಿ ಕೊಡ್ತಿದ್ದದ್ದು ಅತ್ತೆ. ಹೋಗಿ ಬಂದ ಮೇಲೆ ಎರಡು ದಿನ ಸುಸ್ತು ಅಂತ ಮಲಗ್ತಿದ್ರಿ ಅಂತ ಅತ್ತೆಯೇ ಹೇಳಿದ್ದಾರೆ. (ಮಾವ ಫೇಸ್‌ಬುಕ್ಕಿನಲ್ಲಿ ಇದ್ದಾರೆ. ಇದನ್ನು ಓದ್ತಾರೆ. ಓದಲಿ.)

ರೈಲಿಗೆ ಹೋಗು ಅಂದವರೂ ಇದ್ದಾರೆ. ದೇವರೇ! ದುರ್ಗ ಇರೋದು ಚಿಕ್ಕಜಾಜೂರಿನಿಂದ ಒಡೆದು ಹೋಗೋ ಬ್ರಾಂಚ್ ಲೈನಿನಲ್ಲಿ. ನಮ್ಮೂರಿಂದ ನೆಟ್ಟಗೆ ಹಳಿ ಇಲ್ಲ. ತುಮಕೂರು-ದಾವಣಗೆರೆ ಹೊಸ ಲೈನಿಗೆ ಒಪ್ಪಿಗೆ ಸಿಕ್ಕಿದ್ದು 2011-12ರಲ್ಲಿ. ಆಗ ನಾನು ಡಿಗ್ರಿ ಓದ್ತಿದ್ದೆ. ಈಗ ನನ್ನ ಮಗಳು ಮೂರನೇ ಕ್ಲಾಸು. ಅವಳ ಡಿಗ್ರಿ ಹೊತ್ತಿಗಾದರೂ ಆ ರೈಲು ಸಿಗಲಿ.

ತಮ್ಮ ಬೆಂಗಳೂರಲ್ಲಿದ್ದಾನಲ್ಲ, ಅವನದ್ದು ಬೇರೆ ರಾಗ. "ಅಕ್ಕ, ಇಲ್ಲಿ ಎಲ್ಲರೂ ದಿನಾ ಎರಡೆರಡು ಗಂಟೆ ಟ್ರಾಫಿಕ್ಕಲ್ಲಿ ಕೂರ್ತಾರೆ. ನೀನೊಬ್ಬಳೇನಾ?" ಸರಿಯಪ್ಪ, ನ್ಯಾಯವೇ. ಆದರೆ ಅಲ್ಲಿಯ ಟ್ರಾಫಿಕ್ಕಿಗೆ ಅಲ್ಲಿಯ ಸಂಬಳ ಕೊಡ್ತಾರೆ. ಟ್ರಾಫಿಕ್ ಮಾತ್ರ ಬೆಂಗಳೂರಿನದ್ದು, ಸಂಬಳ ಮಂಡಿಪೇಟೆಯದ್ದು ಅಂದರೆ ನೀನು ಒಪ್ತೀಯಾ? ಹಾಗಂತ ಕೇಳಿದ್ದಕ್ಕೆ ಸಿಟ್ಟು ಬಂದು ಒಂದು ಲಿಂಕ್ ಕಳಿಸಿದ. ಅದು ನನ್ನ ಪರವಾಗಿಯೇ ಇತ್ತು, ಅವನು ಪೂರ್ತಿ ಓದಿರಲಿಲ್ಲ. ನೊಬೆಲ್ ಬಂದಿರೋ ಮನಃಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು ಅಮೆರಿಕದ ಟೆಕ್ಸಾಸ್‌ನಲ್ಲಿ ಕೆಲಸಕ್ಕೆ ಹೋಗೋ 909 ಹೆಂಗಸರನ್ನು ಕೇಳಿ 2004ರಲ್ಲಿ ಪ್ರಕಟಿಸಿದ್ದು. ಹಿಂದಿನ ದಿನ ಏನೇನು ಮಾಡಿದಿರಿ, ಆಗ ಹೇಗನ್ನಿಸಿತು ಅಂತ ಒಂದೊಂದೇ ಬರೆಸಿದರಂತೆ. ಖುಷಿಯ ಪಟ್ಟಿಯಲ್ಲಿ ತಳದಲ್ಲಿದ್ದದ್ದು ಬೆಳಗ್ಗೆ ಕೆಲಸಕ್ಕೆ ಹೋಗೋ ಪ್ರಯಾಣ. ಮನೆಗೆಲಸವೂ ಅದಕ್ಕಿಂತ ಮೇಲೆ. ಎಲ್ಲಕ್ಕಿಂತ ಮೇಲೆ ಏನಿತ್ತು ಅಂತ ಕೇಳ್ಬೇಡಿ. ಮಾವ ಓದ್ತಾರೆ ಅಂದೆನಲ್ಲ.

ಅವರದ್ದು ಅವರವರ ಕಾರು. ನಮ್ಮದು ಬಾಗಿಲ ಹತ್ತಿರ ಒಂಟಿ ಕಾಲಲ್ಲಿ, ಯಾರದೋ ಸೊಪ್ಪಿನ ಚೀಲದ ಮೇಲೆ.

ಇಷ್ಟೆಲ್ಲ ಬರೆದ ಮೇಲೆ "ಹಾಗಾದರೆ ಬೇಡ ಅನ್ನು, ಮುಗೀತು" ಅಂತೀರಿ. ಅಲ್ಲೇ ಇರೋದು ಕಷ್ಟ.

ಈಗಿನ ಕೆಲಸದಲ್ಲಿ ಮೂರು ವರ್ಷದಿಂದ ಸಂಬಳ ಜಾಸ್ತಿ ಆಗಿಲ್ಲ. ಕೇಳಿದಾಗೆಲ್ಲ "ನೀನು ನಮ್ಮನೆ ಹುಡುಗಿ ಇದ್ದಂಗೆ" ಅನ್ನೋ ಉತ್ತರ ಬರುತ್ತೆ. ಮನೆ ಹುಡುಗಿಗೆ ಪಗಾರ ಯಾಕೆ ಅಂತ ಅರ್ಥ. ಮೊದಮೊದಲು ಆ ಮಾತಿಗೆ ಕರಗ್ತಿದ್ದೆ. ಈಗ ಅದು ಶುರುವಾಗುತ್ತೆ ಅಂತ ಗೊತ್ತಾದ ತಕ್ಷಣ ಕ್ಯಾಲ್ಕುಲೇಟರ್ ಒತ್ತೋಕೆ ಶುರು ಮಾಡ್ತೀನಿ, ಸುಮ್ನೆ. ದುರ್ಗದವರು ಅವತ್ತು ನನ್ನನ್ನು ಕೂರಿಸಿ ಜಿಎಸ್‌ಟಿ ರಿಟರ್ನ್ ಬಗ್ಗೆ ನಲವತ್ತು ನಿಮಿಷ ಮಾತಾಡಿದರು. ಯಾರ ಮನೆ ಹುಡುಗಿ, ಯಾರ ಸೊಸೆ ಅಂತ ಒಂದು ಸಲವೂ ಕೇಳಲಿಲ್ಲ. ಹೊರಗೆ ಬಂದು ಆಟೋದಲ್ಲಿ ಕೂತು ಅತ್ತುಬಿಟ್ಟೆ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಇಲ್ಲಿ ನಿಮಗೆಲ್ಲ ಹೇಳ್ತಿದ್ದೀನಿ, ನೋಡಿ ನನ್ನ ಬುದ್ಧಿ.

ನಿನ್ನೆ ಸಂಜೆ ವಾಪಸ್ ಬರುವಾಗ ಕಿಟಕಿ ಸೀಟು ಸಿಕ್ಕಿತು. ಸುಮ್ನೆ ಸಿಗಲಿಲ್ಲ. ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು, ಒಬ್ಬ ಅಕ್ಕ ಕೆಳಗಿನಿಂದಲೇ ಕರ್ಚೀಫು ಎಸೆದು ಎರಡು ಸೀಟು ಹಿಡಿದರು. ಅವರ ಗೆಳತಿ ರಜೆಯಂತೆ, "ಬಾರವ್ವ ಕೂತ್ಕೋ" ಅಂತ ನನ್ನನ್ನು ಕರೆದರು. ನರ್ಸ್ ಅವರು. ಹನ್ನೊಂದು ವರ್ಷದಿಂದ ದಿನಾ ಓಡಾಡ್ತಾರೆ. ಕೂತ ತಕ್ಷಣ ಬ್ಯಾಗಿಂದ ಅವರೆಕಾಯಿ ಚೀಲ ತೆಗೆದು ತೊಡೆ ಮೇಲೆ ಟವೆಲ್ ಹಾಸಿಕೊಂಡರು. ಕಣ್ಣು ಕಿಟಕಿಯಾಚೆ, ಕೈ ಮಾತ್ರ ಟಪಟಪ ಕಾಯಿ ಒಡೀತಿತ್ತು. ಕಾಳು ಡಬ್ಬಿಗೆ, ಸಿಪ್ಪೆ ಕವರಿಗೆ. ಭರಮಸಾಗರ ಬರೋ ಹೊತ್ತಿಗೆ ರಾತ್ರಿ ಸಾರಿಗೆ ಆಗುವಷ್ಟು ಕಾಳು. ನಾನೂ ಒಂದು ಹಿಡಿ ತಗೊಂಡು ಬಿಡಿಸಿದೆ. "ಕಷ್ಟ ಆಗಲ್ವಾ ಅಕ್ಕ?" ಅಂದೆ. "ಮೊದಲನೇ ತಿಂಗಳು ಬಸ್ಸಲ್ಲಿ ನಿದ್ದೆ ಬರಲ್ಲ. ಆಮೇಲೆ ದಾವಣಗೆರೆ ಬಂದರೂ ಎಚ್ಚರ ಆಗಲ್ಲ" ಅಂದರು. ಸೊಂಟ ನೋವಿಗೆ ಮಾತ್ರೆ ತಗೋತಾರಂತೆ. ಅದನ್ನೂ ಅಷ್ಟೇ ಸಲೀಸಾಗಿ ಹೇಳಿದರು.

ದುರ್ಗ ದಾಟುವಾಗ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗ್ತಿದ್ದವು. ಫೋನ್ ಸೈಲೆಂಟ್. ಅಮ್ಮಾ, ಏನೇ, ಏನವ್ವ ಅಂತ ಯಾರೂ ಕರೆಯೋರಿಲ್ಲ. ಎಷ್ಟು ವರ್ಷ ಆಗಿತ್ತೋ ಹಾಗೆ ಕೂತು. ಒಪ್ಪಿಕೊಳ್ಳೋಕೆ ನಾಚಿಕೆ ಆಗುತ್ತೆ, ಅದು ಚೆನ್ನಾಗಿತ್ತು. ಟೆಕ್ಸಾಸಿನ 909 ಹೆಂಗಸರು ಕ್ಷಮಿಸಲಿ. ಮನೆಗೆ ಬಂದಾಗ ಮಗಳು ಹೋಂವರ್ಕ್ ಪುಸ್ತಕದ ಮೇಲೆ ತಲೆ ಇಟ್ಟು ನಿದ್ದೆ ಹೋಗಿದ್ದಳು. ಕೆನ್ನೆ ಮೇಲೆ ಪೆನ್ಸಿಲ್ ಗೆರೆ. ಅದು ಚೆನ್ನಾಗಿರಲಿಲ್ಲ.

ಇವತ್ತು ದುರ್ಗದವರಿಗೆ ಫೋನ್ ಮಾಡಿದೆ. ಶನಿವಾರ ಮನೆಯಿಂದಲೇ ಕೆಲಸ ಮಾಡಬಹುದಾ, ಸಂಜೆ ಐದಕ್ಕೆ ಬಿಡ್ತೀರಾ ಅಂತ ಕೇಳಿದೆ. "ನೋಡೋಣ ಮೇಡಂ" ಅಂದರು. ಈ ನೋಡೋಣ ಅನ್ನೋದಕ್ಕೆ ಎಷ್ಟು ಅರ್ಥ ಅಂತ ನಿಮಗೂ ಗೊತ್ತು. ಆದರೆ ಕೇಳಿದೆ. ಮನೆಯಲ್ಲೂ ಹೇಳಿದೆ. ನಾನು ಹೋಗೋದೇ ಆದರೆ ಬೆಳಗಿನ ತಿಂಡಿ, ಮಗಳ ಜಡೆ ಇವರದ್ದು. "ಜಡೆನಾ?" ಅಂದರು ಇವರು. ಬರೀ ಹತ್ತು ನಿಮಿಷದ ಕೆಲಸ ರೀ ಅಂದೆ.

ಆ ನರ್ಸಕ್ಕ ನನ್ನ ನಂಬರ್ ತಗೊಂಡು ರಾತ್ರಿಯೇ ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದ್ದಾರೆ. ಎಂಟು ಗಂಟೆ ಬಸ್ಸಿನವರದ್ದು. ಇವತ್ತು ಬೆಳಗ್ಗೆ ಉಪ್ಪಿಟ್ಟಿಗೆ ರವೆ ಹುರೀತಿದ್ದೆ, ಮೆಸೇಜ್ ಬಂತು. "ಬಸ್ ಇನ್ನೂ ಬಂದಿಲ್ಲ, ಯಾರೂ ಓಡಿ ಬರಬೇಡಿ." ಸೌಟು ಕೈಯಲ್ಲೇ ಇತ್ತು. ಗಡಿಯಾರ ನೋಡಿದೆ. 7:50.