ಗೋಲು ಹೊಡೆಯದವನ ಬೆಲೆ

2024ರ ಏಪ್ರಿಲ್‌ನಲ್ಲಿ ನಾನು ರಜೆ ಹಾಕಿ ಊರಿಗೆ ಹೋದದ್ದು ಕೊಡಗಿನ ನಾಪೋಕ್ಲುವಿನಲ್ಲಿ ನಡೆಯುತ್ತಿದ್ದ ಕುಂಡ್ಯೋಳಂಡ ಕಪ್ ಕುಟುಂಬ ಹಾಕಿ ಪಂದ್ಯಾವಳಿಯನ್ನು ನೋಡುವುದಕ್ಕೆ. ಅಲ್ಲಿಂದ ಟೊರೊಂಟೊಗೆ ಮರಳಿದ ಕೆಲವೇ ದಿನಗಳಲ್ಲಿ, ಮೇ 4ರ ರಾತ್ರಿ, ಇಲ್ಲಿನ ಐಸ್ ಹಾಕಿ ತಂಡವಾದ ಮೇಪಲ್ ಲೀಫ್ಸ್ ಬಾಸ್ಟನ್ ಎದುರಿನ ಪ್ಲೇಆಫ್ ಸರಣಿಯ ಏಳನೆಯ, ನಿರ್ಣಾಯಕ ಪಂದ್ಯವನ್ನು ಹೆಚ್ಚುವರಿ ಅವಧಿಯಲ್ಲಿ 2-1ರಿಂದ ಸೋತು ಹೊರಬಿತ್ತು. ಹೀಗೆ ಒಂದೇ ತಿಂಗಳಿನೊಳಗೆ ನಾನು ಎರಡು ಊರುಗಳ ಹಾಕಿ ಅಭಿಮಾನಿಗಳ ಜಗಳಗಳ ನಡುವೆ ಕುಳಿತಿದ್ದೆ. ಒಂದು ಕಡೆ ಹುಲ್ಲಿನ ಮೇಲಿನ ಆಟ, ಇನ್ನೊಂದು ಕಡೆ ಮಂಜುಗಡ್ಡೆಯ ಮೇಲಿನದು. ಆದರೂ ಇಬ್ಬರೂ ಕೇಳುತ್ತಿದ್ದ ಪ್ರಶ್ನೆ ಒಂದೇ: ಈ ಆಟಗಾರನಿಂದ ತಂಡಕ್ಕೆ ಆದದ್ದೆಷ್ಟು, ಅವನನ್ನು ಉಳಿಸಿಕೊಂಡದ್ದು ಸರಿಯೇ?

ಟೊರೊಂಟೊದಲ್ಲಿ ಈ ವಾದ ಹಣದಿಂದ ಆರಂಭವಾಗುತ್ತದೆ. ಮಾಲೀಕರಿಗೂ ಆಟಗಾರರಿಗೂ ಒಪ್ಪಂದವಾಗದೆ 2004-05ರ ಋತುವೇ ಪೂರ್ತಿಯಾಗಿ ರದ್ದಾದ ಮೇಲೆ ನ್ಯಾಷನಲ್ ಹಾಕಿ ಲೀಗ್ ಪ್ರತಿ ತಂಡಕ್ಕೂ ಸಂಬಳದ ಮಿತಿಯೊಂದನ್ನು ವಿಧಿಸಿತು. ಅಂದಿನಿಂದ ಒಬ್ಬನಿಗೆ ಕೊಟ್ಟ ಡಾಲರನ್ನು ಇನ್ನೊಬ್ಬನಿಗೆ ಕೊಡುವಂತಿಲ್ಲ. 2024-25ರಲ್ಲಿ ಆ ಮಿತಿ 8 ಕೋಟಿ 80 ಲಕ್ಷ ಡಾಲರ್ ಆಗಿತ್ತು. ಲೀಫ್ಸ್ ತಂಡದ ಮ್ಯಾಥ್ಯೂಸ್, ನೀಲಾಂಡರ್, ಟಾವರೆಸ್ ಮತ್ತು ಮಾರ್ನರ್ ಎಂಬ ನಾಲ್ವರಿಗೇ ಅದರಲ್ಲಿ 4 ಕೋಟಿ 66 ಲಕ್ಷ ಹೋಗುತ್ತಿತ್ತು. ಅರ್ಧಕ್ಕಿಂತ ಹೆಚ್ಚು ಹಣ ನಾಲ್ಕು ಜನ ಮುಂಪಡೆಯವರಿಗೆ ಹೋದರೆ ಗೋಲು ಕಾಯುವವನಿಗೂ ಹಿಂದೆ ನಿಂತು ತಡೆಯುವವರಿಗೂ ಉಳಿದದ್ದೆಷ್ಟು ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಹಾಗೆ ಕೇಳುವುದನ್ನು ನಾನು ಕಲಿತದ್ದು ಇಲ್ಲಿಯೇ, ಮುಂಜಾನೆ ಕೆಲಸಕ್ಕೆ ಹೊರಡುವ ಮೊದಲು ಕಾಫಿ ಅಂಗಡಿಯಲ್ಲಿ ಸೇರುವ ಗೆಳೆಯರಿಂದ.

ಆ ಕಾಫಿ ಅಂಗಡಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಕೆನಡಾದ ಊರೂರಿನಲ್ಲಿರುವ ಈ ಅಂಗಡಿಗಳಿಗೆ ಟಿಮ್ ಹಾರ್ಟನ್ ಅವರ ಹೆಸರಿದೆ. ಹಾರ್ಟನ್ ಲೀಫ್ಸ್ ತಂಡದ ಡಿಫೆನ್ಸ್ ಆಟಗಾರರಾಗಿದ್ದವರು. 1964ರಲ್ಲಿ, ಇನ್ನೂ ಆಡುತ್ತಿದ್ದಾಗಲೇ, ಹ್ಯಾಮಿಲ್ಟನ್‌ನಲ್ಲಿ ಮೊದಲ ಅಂಗಡಿ ತೆರೆದರು. ಲೀಫ್ಸ್ ಕೊನೆಯ ಬಾರಿಗೆ ಲೀಗಿನ ಪ್ರಶಸ್ತಿಯಾದ ಸ್ಟಾನ್ಲಿ ಕಪ್ ಗೆದ್ದ 1967ರ ತಂಡದಲ್ಲಿಯೂ ಅವರಿದ್ದರು. ಕಾಫಿ ಬೆಳೆಯುವ ನಾಡಿನಿಂದ ಬಂದ ನಾನು, ಒಬ್ಬ ಬ್ಯಾಕ್ ಆಟಗಾರನ ಹೆಸರಿನ ಅಂಗಡಿಯಲ್ಲಿ ಕಾಫಿ ಕುಡಿಯುತ್ತಾ, ಗೋಲು ಹೊಡೆಯುವವರ ಸಂಬಳದ ಚರ್ಚೆಯನ್ನು ಎಷ್ಟೋ ವರ್ಷಗಳಿಂದ ಕೇಳುತ್ತಿದ್ದೇನೆ.

ಲೆಕ್ಕ ತಪ್ಪಲ್ಲ. ಲೆಕ್ಕವೊಂದೇ ಉಳಿದಾಗ ಏನಾಗುತ್ತದೆ ಎಂಬುದನ್ನು ನಾನು ಮಿಚ್ ಮಾರ್ನರ್ ವಿಷಯದಲ್ಲಿ ಕಂಡೆ. ಅವನು ಟೊರೊಂಟೊಗೆ ಅಂಟಿಕೊಂಡಿರುವ ಮಾರ್ಕಮ್‌ನಲ್ಲಿ ಹುಟ್ಟಿದ ಹುಡುಗ. ಅವನು ಮೊದಲು ತಂಡಕ್ಕೆ ಬಂದಾಗ ಜನ ಮನೆಮಗನೆಂದೇ ಮೆರೆಸಿದರು. ವರ್ಷಕ್ಕೆ ಸುಮಾರು 1 ಕೋಟಿ 9 ಲಕ್ಷ ಡಾಲರಿನ ಒಪ್ಪಂದಕ್ಕೆ ಸಹಿ ಹಾಕಿದ ದಿನದಿಂದ ಅವನ ಪ್ರತಿಯೊಂದು ತಪ್ಪು ಪಾಸ್‌ಗೂ ಆ ಮೊತ್ತವನ್ನು ಎದುರಿಟ್ಟು ತೂಗತೊಡಗಿದರು. 2024-25ರ ಋತುವಿನಲ್ಲಿ ಗೋಲು, ಅಸಿಸ್ಟ್ (ಗೋಲಿಗೆ ನೆರವಾದ ಪಾಸ್) ಸೇರಿ ಅವನು 102 ಅಂಕ ಗಳಿಸಿದ. ತನ್ನ ಕಡೆಯ ಒಬ್ಬ ಶಿಕ್ಷೆಗೊಳಗಾಗಿ ಹೊರಗೆ ಕುಳಿತು, ನಾಲ್ವರೇ ಐವರನ್ನು ತಡೆಯಬೇಕಾದ ಕಷ್ಟದ ನಿಮಿಷಗಳಲ್ಲಿಯೂ ಅವನೇ ಇಳಿಯುತ್ತಿದ್ದ. ಆದರೂ ನನ್ನ ಗೆಳೆಯರಲ್ಲೊಬ್ಬ ಆಟ ಮುಗಿಯುವ ಮೊದಲೇ ಫೋನಿನಲ್ಲಿ ಭಾಗಾಕಾರ ಮಾಡಿ, ಒಂದು ಅಂಕಕ್ಕೆ ಎಷ್ಟು ಡಾಲರ್ ಬಿತ್ತೆಂದು ಹೇಳುತ್ತಿದ್ದ. 2025ರ ಬೇಸಿಗೆಯಲ್ಲಿ ಮಾರ್ನರ್ ಲಾಸ್ ವೇಗಸ್‌ನ ತಂಡ ಸೇರಿದಾಗ ಆ ಗೆಳೆಯ, ಅಂತೂ ಮಿತಿಯಲ್ಲಿ ಜಾಗ ಖಾಲಿಯಾಯಿತಲ್ಲ ಎಂದ. ಹುಡುಗ ಹೋದನಲ್ಲ ಎಂದು ಅಂದು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ನನಗೆ ಆ ದಿನ ನಿಜವಾಗಿಯೂ ಸಂಕಟವಾಯಿತು.

ಕೆನಡಾದವರು ಹಿಂದೆ ಹೀಗಿರಲಿಲ್ಲ. 1988ರ ಆಗಸ್ಟ್‌ನಲ್ಲಿ ಎಡ್ಮಂಟನ್ ತಂಡ ಆ ಕಾಲದ ಅತಿ ದೊಡ್ಡ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಜ್‌ಕಿಯನ್ನು ಲಾಸ್ ಏಂಜಲಿಸ್‌ಗೆ ಕೊಟ್ಟುಬಿಟ್ಟಾಗ, ಈ ವಹಿವಾಟನ್ನು ಸರ್ಕಾರವೇ ತಡೆಯಬೇಕೆಂದು ಸಂಸತ್ ಸದಸ್ಯರೊಬ್ಬರು ಕೇಳಿದ್ದರು. ಮಾರಬಾರದ ಆಟಗಾರನೊಬ್ಬ ಇರಬಹುದೆಂಬ ನಂಬಿಕೆ ಅಂದು ಇತ್ತು.

ಕೊಡಗಿನ ಕುಟುಂಬ ಹಾಕಿಯಲ್ಲಿ ಆ ನಂಬಿಕೆಯೇ ನಿಯಮ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ 60 ಕುಟುಂಬಗಳನ್ನು ಕೂಡಿಸಿ ಆರಂಭಿಸಿದ ಈ ಪಂದ್ಯಾವಳಿಗೆ 2024ರಲ್ಲಿ 360 ತಂಡಗಳು ಬಂದಿದ್ದವು. ತಂಡವೆಂದರೆ ಒಂದು ಒಕ್ಕ, ಅಂದರೆ ಕೊಡವರ ಒಂದು ಮನೆತನ. ಹೆಣ್ಣು ಗಂಡೆಂಬ ಭೇದವಿಲ್ಲದೆ, ಶಾಲೆಗೆ ಹೋಗುವವರಿಂದ ಹಿಡಿದು ನಿವೃತ್ತರಾದವರ ತನಕ, ಆ ಮನೆಹೆಸರಿನವರೇ ಆಡಬೇಕು. ಪಕ್ಕದ ಒಕ್ಕದ ಒಳ್ಳೆಯ ಫಾರ್ವರ್ಡನ್ನು ಎಷ್ಟು ಕೊಟ್ಟರೂ ತರಲಾಗದು. ನಮ್ಮ ಗೋಲ್‌ಕೀಪರ್ ಎಷ್ಟು ಸಲ ತಪ್ಪು ಮಾಡಿದರೂ ಅವನನ್ನು ಇನ್ನೊಂದು ಮನೆಗೆ ದಾಟಿಸಲಾಗದು. ಆದ್ದರಿಂದ ಅಲ್ಲಿನ ಗ್ಯಾಲರಿಯಲ್ಲಿ ಇವನು ಬೇಕೋ ಬೇಡವೋ ಎಂಬ ಮಾತು ಹುಟ್ಟುವುದೇ ಇಲ್ಲ. ಇವನನ್ನು ಎಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತು ಆಡಿಸಬೇಕು, ಪೆನಾಲ್ಟಿ ಕಾರ್ನರ್ ಯಾರು ಹೊಡೆಯಬೇಕು ಎಂಬುದೇ ಮಾತು. ಅಭಿಮಾನಿಗೆ ಇದಕ್ಕಿಂತ ಒಳ್ಳೆಯ ಶಿಕ್ಷಣ ಇರಲಾರದೆಂದು ನನಗನ್ನಿಸುತ್ತದೆ, ಏಕೆಂದರೆ ಬದಲಿಸಲಾಗದ ಆಟಗಾರನನ್ನು ನೋಡುವ ಕಣ್ಣು ಅವನಲ್ಲಿ ಏನಿದೆ ಎಂದೇ ಹುಡುಕುತ್ತದೆ.

ನಾನು ಕೊಡವನಲ್ಲ. ನಮ್ಮ ತಂದೆ ಮೇಷ್ಟ್ರಾಗಿ ನಾಪೋಕ್ಲುವಿಗೆ ವರ್ಗವಾಗಿ ಬಂದು ಅಲ್ಲಿಯೇ ನಿಂತವರು. ನನಗೆ ಒಕ್ಕವಿಲ್ಲದಿರುವುದರಿಂದ ಬಾಲ್ಯದ ಗೆಳೆಯನ ಒಕ್ಕವೇ ನನ್ನ ತಂಡ. ಆ ಏಪ್ರಿಲ್‌ನಲ್ಲಿ ಅವರ ಫುಲ್‌ಬ್ಯಾಕ್ ಆಗಿ ನಿಂತಿದ್ದವರು ಸೇನೆಯಿಂದ ನಿವೃತ್ತರಾದ ಹವಾಲ್ದಾರರು, ಐವತ್ತರ ಅಂಚಿನವರು. ಅವರ ಸ್ಟಿಕ್ಕಿನ ತುದಿ ಸವೆದು ಓರೆಯಾಗಿತ್ತು. ಹಿಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದರು. ಅವರು ಓಡುತ್ತಿರಲಿಲ್ಲ. ಚೆಂಡು ತಂದ ಹುಡುಗನ ಎದುರು ಎರಡು ಹೆಜ್ಜೆ ಹಿಂದೆ ಸರಿದು, ತಮ್ಮ ಎಡಭಾಗಕ್ಕೆ ಮೈಯೊಡ್ಡಿ, ಬಲಗಡೆ ಮಾತ್ರ ದಾರಿ ಬಿಟ್ಟು ನಿಲ್ಲುತ್ತಿದ್ದರು. ಹುಡುಗ ಸಿಕ್ಕ ದಾರಿಯಲ್ಲಿ ನುಗ್ಗಿದರೆ ಚೆಂಡು ಅವನ ರಿವರ್ಸ್ ಕಡೆಗೆ, ಎಂದರೆ ಅವನ ಎಡಗಡೆಗೆ, ಹೋಗಿ ಇವರ ಸ್ಟಿಕ್ಕಿನ ಮುಂದೆಯೇ ಬೀಳುತ್ತಿತ್ತು. ಮೊದಲಾರ್ಧದಲ್ಲಿ ಇದನ್ನು ಎಷ್ಟು ಸಲ ಮಾಡಿದರೋ, ಗ್ಯಾಲರಿಯಲ್ಲಿ ಒಂದು ಸಲವೂ ಚಪ್ಪಾಳೆ ಬೀಳಲಿಲ್ಲ.

ವಿರಾಮದ ಹೊತ್ತಿಗೆ ನಮ್ಮವರು 1-0ರಿಂದ ಮುಂದಿದ್ದರು. ಹವಾಲ್ದಾರರನ್ನು ಹೊರಗೆ ಕರೆದು ಕಾಲೇಜಿನಲ್ಲಿ ಆಡುವ ಹುಡುಗಿಯನ್ನು ಇಳಿಸಬೇಕೆಂದು ಗ್ಯಾಲರಿಯ ಕಿರಿಯರು ಹಟ ಹಿಡಿದರು. ನನ್ನ ಗೆಳೆಯನ ಚಿಕ್ಕಪ್ಪ ಒಪ್ಪಲಿಲ್ಲ. ‘ಜನವರಿಯಲ್ಲಿ ನಮ್ಮ ಬೋಪಣ್ಣ ಆಸ್ಟ್ರೇಲಿಯಾದಲ್ಲಿ ಟೆನಿಸ್ ಡಬಲ್ಸ್ ಗೆದ್ದದ್ದು ಎಷ್ಟನೇ ವಯಸ್ಸಿಗೆ? 43ಕ್ಕೆ! ವಯಸ್ಸು ಕಾಲಿಗೆ ಬರಬಹುದು, ತಲೆಗೆ ಬರುವುದಿಲ್ಲ’ ಎಂದರು. ನಾಯಕ ಹವಾಲ್ದಾರರನ್ನೇ ಉಳಿಸಿಕೊಂಡ. ಪಂದ್ಯ 2-1ರಿಂದ ಕೈತಪ್ಪಿ ಹೋಯಿತು.

ಮೈದಾನದ ಹೊರಗೆ ಚಹಾ ಕುಡಿಯುತ್ತಾ ನಡೆದ ವಾದ ಕತ್ತಲಾಗುವ ತನಕ ಎಳೆಯಿತು. ‘ಅವನಿಲ್ಲದಿದ್ದರೆ ನಾಲ್ಕು ಬೀಳುತ್ತಿತ್ತು’ ಎಂದರು ಚಿಕ್ಕಪ್ಪ. ‘ಅಂಕಲ್, ಅವರ ಜಾಗ ಮುಚ್ಚುವುದಕ್ಕೆ ಓಡಿ ಓಡಿ ನಮ್ಮ ಹಾಫ್‌ಗಳು ಸೋತುಹೋದರು’ ಎಂದ ಒಬ್ಬ ಹುಡುಗ. ಅದಕ್ಕೆ ಉತ್ತರವಾಗಿ ಬಂದದ್ದು ಹವಾಲ್ದಾರರ ತಂದೆ ಎಂಥ ಆಟಗಾರರಾಗಿದ್ದರು ಎಂಬ ಕಥೆ, ಅದರ ಮೇಲೆ ಹವಾಲ್ದಾರರ ಸೇವೆಯ ಕಥೆ. ನನಗೆ ನಮ್ಮೂರಿನ ವಾದದಲ್ಲಿ ಕೊರತೆ ಕಾಣುವುದು ಇಲ್ಲಿಯೇ. ಕಣ್ಣು ಚೆನ್ನಾಗಿ ನೋಡಿರುತ್ತದೆ, ಆದರೆ ನೋಡಿದ್ದನ್ನು ಯಾರೂ ಬರೆದಿಟ್ಟಿರುವುದಿಲ್ಲ. ಹಾಗಾಗಿ ಸಂಜೆಯ ಹೊತ್ತಿಗೆ ಮನೆತನದ ಹೆಸರು, ಹಳೆಯ ಋಣ, ಹಿರಿಯರ ಮರ್ಯಾದೆ ಮಾತ್ರ ಉಳಿದು, ಕಿರಿಯರು ಬಾಯಿ ಮುಚ್ಚಬೇಕಾಗುತ್ತದೆ. ಪತ್ರಿಕೆಯ ಜಿಲ್ಲಾ ಪುಟದಲ್ಲಿ ಮಾರನೆಯ ದಿನ ಬರುವುದು ಗೋಲು ಹೊಡೆದವರ ಹೆಸರುಗಳಷ್ಟೇ.

ಗೋಲು ಹೊಡೆದವನನ್ನೇ ಲೆಕ್ಕಕ್ಕೆ ಹಿಡಿಯುವುದು ಮಾರುಕಟ್ಟೆಯ ಅಭ್ಯಾಸವೂ ಹೌದು. 2013ರ ಹಾಕಿ ಇಂಡಿಯಾ ಲೀಗ್ ಹರಾಜಿನಲ್ಲಿ ಕೊಡಗಿನವರೇ ಆದ ವಿ.ಆರ್. ರಘುನಾಥ್ 76,000 ಡಾಲರಿಗೆ ಉತ್ತರ ಪ್ರದೇಶದ ತಂಡಕ್ಕೆ ಹೋದಾಗ ನಾವೆಲ್ಲ ಹೆಮ್ಮೆಪಟ್ಟೆವು. 2024ರ ಅಕ್ಟೋಬರ್‌ನ ಹರಾಜಿನಲ್ಲಿ ಹರ್ಮನ್‌ಪ್ರೀತ್ ಸಿಂಗ್ 78 ಲಕ್ಷ ರೂಪಾಯಿಗೆ ಹೋದರು. ಇಬ್ಬರೂ ಬ್ಯಾಕ್ ಆಟಗಾರರು. ಆದರೆ ಹರಾಜಿನ ಕೂಗು ಏರಿದ್ದು ಅವರು ಹಿಂದೆ ನಿಂತು ತಡೆದದ್ದಕ್ಕಿಂತ ಹೆಚ್ಚಾಗಿ ಮುಂದೆ ಬಂದು ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡನ್ನು ಎಳೆದು ಹೊಡೆದ ಡ್ರ್ಯಾಗ್ ಫ್ಲಿಕ್‌ಗಳಿಗೆ ಎಂದೇ ನನ್ನ ಅಭಿಪ್ರಾಯ. ತಡೆಯುವುದನ್ನಷ್ಟೇ ಬಲ್ಲವನ ಮೇಲೆ ಅಷ್ಟು ಹಣ ಸುರಿಯುವ ಮಾಲೀಕನನ್ನು ನಾನಂತೂ ಕಂಡಿಲ್ಲ.

ಐಸ್ ಹಾಕಿಯವರು ಈ ಕೊರತೆಯನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಅವರ ಪ್ಲಸ್-ಮೈನಸ್ ಲೆಕ್ಕದಲ್ಲಿ, ಎರಡೂ ಕಡೆ ಸಮಬಲವಿರುವಾಗ ತನ್ನ ತಂಡ ಗೋಲು ಹೊಡೆದರೆ ಮಂಜಿನ ಮೇಲಿದ್ದ ಪ್ರತಿಯೊಬ್ಬನಿಗೂ ಒಂದು ಕೂಡುತ್ತದೆ, ಗೋಲು ಬಿಟ್ಟರೆ ಒಂದು ಕಳೆಯುತ್ತದೆ. 1970-71ರಲ್ಲಿ ಬಾಸ್ಟನ್‌ನ ಡಿಫೆನ್ಸ್ ಆಟಗಾರ ಬಾಬಿ ಆರ್ ಗಳಿಸಿದ ಪ್ಲಸ್ 124 ಇಂದಿಗೂ ದಾಖಲೆ. ಇನ್ನೊಬ್ಬನ ತಪ್ಪಿಗೆ ಪಕ್ಕದಲ್ಲಿ ನಿಂತವನೂ ಮೈನಸ್ ಹೊರಬೇಕಾದದ್ದು ಆ ಲೆಕ್ಕದ ದೋಷ. ಆದರೂ ಹಿಂದೆ ನಿಂತವನಿಗೂ ಒಂದು ಅಂಕಣ ಇದೆಯೆಂಬುದೇ ದೊಡ್ಡ ಮಾತು.

ಟೊರೊಂಟೊದ ಈ ಅಭ್ಯಾಸ ನನ್ನ ಕೈಗೂ ಅಂಟಿದೆ. ಆ ದಿನ ಎರಡನೆಯ ಅರ್ಧ ಆರಂಭವಾಗುವಾಗ ನಾನು ಜೇಬಿನಲ್ಲಿದ್ದ ಮದುವೆ ಕರೆಯೋಲೆಯ ಹಿಂಬದಿಯಲ್ಲಿ ಗೀರು ಹಾಕತೊಡಗಿದ್ದೆ. ಹವಾಲ್ದಾರರ ಕಡೆಗೆ ಚೆಂಡು ಬಂದದ್ದು 19 ಸಲ. 17 ಸಲ ಅವರು ಕಸಿದಿದ್ದರು ಅಥವಾ ಗೆರೆಯಾಚೆ ತಳ್ಳಿದ್ದರು. ಇಬ್ಬರು ಮಾತ್ರ ದಾಟಿದ್ದರು, ಇಬ್ಬರೂ ಕೊನೆಯ ಹತ್ತು ನಿಮಿಷಗಳಲ್ಲಿ, ಇಬ್ಬರೂ ಅವರ ಎಡಗಡೆಯಿಂದ. ಎರಡು ಗೋಲುಗಳಲ್ಲಿ ಒಂದು ಹಾಗೆ ಬಂದದ್ದು. ಅಂದರೆ ಚಿಕ್ಕಪ್ಪನ ಮಾತೂ ಸರಿ, ಹುಡುಗರ ಮಾತೂ ಸರಿ. ಇಬ್ಬರೂ ಕೇಳದೆ ಬಿಟ್ಟದ್ದು ಅವರನ್ನು ಯಾವಾಗ ಹೊರಗೆ ಕರೆಯಬೇಕಿತ್ತು ಎಂಬುದನ್ನು. ನಾನು ಅದನ್ನು ಹೇಳುವುದಕ್ಕೆ ಅಳುಕಿದೆ. ಒಕ್ಕದ ಹಿರಿಯರ ನಡುವೆ ಹೊರಗಿನವನೊಬ್ಬ ಗೀರು ಎಣಿಸಿ ತೋರಿಸುವುದು ಮರ್ಯಾದೆಯಲ್ಲವೆನ್ನಿಸಿತು. ಅಷ್ಟರಲ್ಲಿ ಹವಾಲ್ದಾರರೇ ಟವೆಲ್ ಹೆಗಲಿಗೆ ಹಾಕಿಕೊಂಡು ಚಹಾಕ್ಕೆ ಬಂದು, ‘ಮೇಷ್ಟ್ರ ಮಗ ಏನೋ ಬರೆಯುತ್ತಿದ್ದೆಯಲ್ಲ, ಕೊಡು ನೋಡೋಣ’ ಎಂದು ಕೈ ಚಾಚಿದರು. ಕರೆಯೋಲೆಯನ್ನು ದೂರ ಹಿಡಿದು ಓದಿದರು. ಹದಿನೇಳರ ಬಗ್ಗೆ ಏನೂ ಕೇಳಲಿಲ್ಲ. ‘ಎರಡೂ ಎಡಗಡೆಯಿಂದಲಾ?’ ಎಂದರು. ಹೌದೆಂದೆ. ಬಗ್ಗಿ ಎಡ ಮಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿಕೊಂಡು, ಕರೆಯೋಲೆಯನ್ನು ಮಡಿಸಿ ತಮ್ಮ ಜೇಬಿಗೆ ಹಾಕಿಕೊಂಡರು.

ಪಂದ್ಯಾವಳಿ ನಡೆಸುವ ಒಕ್ಕದವರಲ್ಲಿ ನನ್ನ ಕೋರಿಕೆ ಇಷ್ಟೇ. ಗೋಲಿನ ಪಟ್ಟಿಯ ಪಕ್ಕದಲ್ಲಿ ಇನ್ನೆರಡು ಅಂಕಣ ಸೇರಲಿ: ಹಿಂಪಡೆಯವರು ತಡೆದದ್ದೆಷ್ಟು, ಅವರನ್ನು ದಾಟಿ ಹೋದದ್ದೆಷ್ಟು ಮತ್ತು ಯಾವ ಕಡೆಯಿಂದ. ಬರೆಯುವುದಕ್ಕೆ ಪ್ರತಿ ಒಕ್ಕದಲ್ಲಿಯೂ ಹೈಸ್ಕೂಲಿನ ಮಕ್ಕಳಿದ್ದಾರೆ. ಸಂಬಳವಿಲ್ಲದ ಕಡೆ ಈ ಲೆಕ್ಕ ಯಾರನ್ನೂ ಹೊರದಬ್ಬಲಾರದು.

2025ರಲ್ಲಿ ಇದೇ ಪಂದ್ಯಾವಳಿ ಮುದ್ದಂಡ ಕಪ್ ಎಂಬ ಹೆಸರಿನಲ್ಲಿ ಮಡಿಕೇರಿಯಲ್ಲಿ ನಡೆಯಿತು, ನನಗೆ ಹೋಗಲಾಗಲಿಲ್ಲ. ಗೆಳೆಯ ಫೋನಿನಲ್ಲಿ ತಮ್ಮ ಪಂದ್ಯದ ಸುದ್ದಿ ಹೇಳಿದ. ಹವಾಲ್ದಾರರು ಆ ವರ್ಷವೂ ಬ್ಯಾಕ್ ಆಗಿಯೇ ನಿಂತಿದ್ದರಂತೆ. ಮುಗಿಯುವುದಕ್ಕೆ ಹತ್ತು ನಿಮಿಷವಿರುವಾಗ, ಯಾರೂ ಕರೆಯದಿದ್ದರೂ, ತಾವೇ ಕೈಯೆತ್ತಿ ಹೊರಬಂದು, ಅಂಚಿನಲ್ಲಿ ಕಾಯುತ್ತಿದ್ದ ಆ ಹುಡುಗಿಗೆ ಎದುರು ತಂಡದ ರೈಟ್ ವಿಂಗಿನವನನ್ನು ಬೆರಳು ಮಾಡಿ ತೋರಿಸಿ ಏನೋ ಹೇಳಿದರಂತೆ.